ಆಕ್ಸಿಟನ್ ಕಂಠಸಾಹಿತ್ಯ ಮತ್ತು ಅದರ ಸಂಗ್ರಾಹಕರು

ಫ್ರಾನ್ಸ್ ದೇಶದ ದಕ್ಷಿಣದ ಮೂರನೆಯ ಒಂದು ಭಾಗದಲ್ಲಿಯೂ, ಇಟಲಿಗೆ ಸೇರಿದ ಆಲ್ಪ್ಸ್‌ನ ಕೆಲವು ಕಣಿವೆಗಳಲ್ಲಿಯೂ, ಸ್ಪೇನಿನ ಆರಾನ್ ಕಣಿವೆಯಲ್ಲಿಯೂ ಬಳಕೆಯಲ್ಲಿರುವ ಆಕ್ಸಿಟನ್ ಭಾಷೆಯು ಹನ್ನೆರಡನೆಯ ಶತಮಾನದಲ್ಲಿ ತ್ರುಬದೂರ್ ಕವಿಗಳ ಪ್ರೇಮಗೀತೆಗಳ ಮೂಲಕ ಯೂರೋಪಿನ ಆಸ್ಥಾನಗಳಿಗೆ ಕಾವ್ಯದ ದೀಕ್ಷೆಯನ್ನು ಕೊಟ್ಟ ಭಾಷೆ. ಮಹಾಕವಿ ದಾಂತೆ ತನ್ನ ಕಾವ್ಯದ ಪರಿಶುದ್ಧಿಲೋಕದಲ್ಲಿ ಅರ್ನೌಟ್ ದಾನಿಯೆಲ್ ಎಂಬ ತ್ರುಬದೂರನಿಂದ ಇಟಾಲಿಯನ್ನಿನಲ್ಲಿ ಅಲ್ಲ, ಈ ನುಡಿಯಲ್ಲಿಯೇ ಮಾತನಾಡಿಸಿದ್ದಾನೆ. ಅಂಥ ಭಾಷೆ 1539ರ ರಾಜಾಜ್ಞೆಯಿಂದ ನ್ಯಾಯಾಲಯದ ಕಾಗದಪತ್ರಗಳನ್ನು ಕಳೆದುಕೊಂಡಿತು. ಮಹಾಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಪ್ರಾಂತಭಾಷೆಗಳನ್ನು ನಿರ್ಮೂಲಗೊಳಿಸಬೇಕೆಂಬ ವರದಿಗೆ ಗುರಿಯಾಯಿತು. ಮುಂದೆ ಶಾಲೆಗಳಲ್ಲಿ ಮನೆಮಾತನ್ನು ಆಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡನ್ನು ಕಟ್ಟಿ, ಅದನ್ನು ಮತ್ತೊಬ್ಬ ತಪ್ಪಿತಸ್ಥನಿಗೆ ದಾಟಿಸುವವರೆಗೂ ಅವಮಾನ ಪಡಿಸುವ ಪದ್ಧತಿಯನ್ನು ಸಹಿಸಿತು. ಇಷ್ಟಾದರೂ ಜೋಗುಳ, ಕಥನಗೀತೆ, ಗಾದೆ, ಅಜ್ಜಿಕಥೆಗಳಾಗಿ ಹಳ್ಳಿಗಳ ನಾಲಗೆಯ ಮೇಲೆ ಅದು ಉಳಿದುಬಂದಿತು. ಈ ಕಂಠಸ್ಥ ಸಂಪತ್ತನ್ನು ಶೋಧಿಸಿದವರ ಪರಿಚಯವೇ ಈ ಲೇಖನದ ಉದ್ದೇಶ.

ಪ್ರಾಂತಭಾಷೆಗಳನ್ನು ಹೀಗೆ ಹಿಂದಕ್ಕೆ ತಳ್ಳಿದ ಪ್ಯಾರಿಸ್ಸಿನಿಂದಲೇ 1852ರಲ್ಲಿ ದೇಶದ ಜನಪದಗೀತೆಗಳನ್ನೆಲ್ಲ ಕೂಡಿಹಾಕಬೇಕೆಂಬ ಆಜ್ಞೆಯೂ ಹೊರಟದ್ದು ವಿಧಿಯ ವಿನೋದವೆನ್ನಬೇಕು. ಶಿಕ್ಷಣ ಸಚಿವ ಫೋರ್ತುಲ್ ಹೊರಡಿಸಿದ ಆ ಆಜ್ಞೆಗೆ ಓಗೊಟ್ಟು ಊರೂರುಗಳಿಂದ ಹಾಡುಗಳು ರಾಜಧಾನಿಗೆ ಹರಿದುಬಂದುವು. ಸಂಕಲ್ಪಿಸಿದ ಗ್ರಂಥ ಮಾತ್ರ ಅಚ್ಚಾಗಲಿಲ್ಲ. ಹಸ್ತಪ್ರತಿಗಳು ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದುವು.

ಸರ್ಕಾರದ ಕೈಯಲ್ಲಿ ಆಗದ ಕೆಲಸವನ್ನು ಕೆಲವರು ಒಂಟಿಯಾಗಿ ಮಾಡಿದರು. ಲೆಕ್ತೂರ್ ಪಟ್ಟಣದ ನ್ಯಾಯವೇತ್ತ ಬ್ಲಾದೆ 1886ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ, ಆಕ್ಸಿಟನ್ ಸೀಮೆಗಳಲ್ಲೊಂದಾದ ಗ್ಯಾಸ್ಕನಿಯ ಕಥೆಗಳು ಫ್ರೆಂಚ್ ಗದ್ಯದ ಸೊಗಸಿಗೆ ಹೆಸರಾದುವು; ಆದರೆ ಆ ಸೊಗಸಿನಲ್ಲಿ ಕಥೆ ಹೇಳಿದ ರೈತನ ಪಾಲೆಷ್ಟು, ಬರೆದುಕೊಂಡ ಪಂಡಿತನ ಪಾಲೆಷ್ಟು ಎಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯವಾಗಿದೆ. ನನ್ನ ಒಲವು ಆತನ ನೆರೆನಾಡಿನವನೇ ಆದ ಫೆಲಿಕ್ಸ್ ಅರ್ನೋದಾಂ ಎಂಬವನ ಕಡೆಗೆ.

ಅರ್ನೋದಾಂ 1844ರಲ್ಲಿ ಲಬುಯೇರ್ ಗ್ರಾಮದಲ್ಲಿ ಹುಟ್ಟಿದ. ಅದು ಗ್ರಾಂದ್ ಲಾಂದ್ ಎಂಬ ವಿಶಾಲವಾದ ಮರಳು ಬಯಲು. ಮಳೆ ಹಿಡಿಯಿತೆಂದರೆ ಎಲ್ಲೆಲ್ಲಿಯೂ ನೀರು. ಕುರಿಗಾಹಿಗಳು ಕಾಲಿಗೆ ಎತ್ತರದ ಮರಗಾಲುಗಳನ್ನು ಕಟ್ಟಿಕೊಂಡು ಆ ಜೌಗಿನಲ್ಲಿ ನಡೆದಾಡುತ್ತ, ನಿಲ್ಲಬೇಕಾದಾಗ ಉದ್ದನೆಯ ಕೋಲೊಂದಕ್ಕೆ ಬೆನ್ನು ಕೊಟ್ಟು, ಮಂದೆಯ ಮೇಲೆ ಕಣ್ಣಿಟ್ಟುಕೊಂಡೇ ಉಣ್ಣೆ ಹೆಣೆಯುತ್ತಿದ್ದರು. 1857ರ ಶಾಸನವು ಈ ಬಯಲಿನ ನೀರನ್ನು ಬಸಿದು ಪೈನ್ ಮರಗಳನ್ನು ನೆಡಬೇಕೆಂದು ವಿಧಿಸಿತು. ಗೋಮಾಳ ಅಡವಿಯಾಯಿತು, ಕುರಿ ಹೋಯಿತು, ಮರಗಾಲು ಹೋಯಿತು, ಅವುಗಳ ಸಂಗಡ ಹುಟ್ಟಿದ ಹಾಡುಗಳೂ ಹೊರಡಲನುವಾದುವು. ಆಗ ಅರ್ನೋದಾಂ ಯಾವ ಉದ್ಯೋಗವನ್ನೂ ಹಿಡಿಯದೆ, ಮೊದಲು ಟಿಪ್ಪಣಿಯ ಪುಸ್ತಕವನ್ನೂ ಅನಂತರ ಕ್ಯಾಮೆರಾವನ್ನೂ ಹೊತ್ತು ಮುದುಕ ಮುದುಕಿಯರ ಮನೆಬಾಗಿಲುಗಳನ್ನು ಅಲೆದ. ಊರಿನವರು ಅವನನ್ನು ಹುಚ್ಚನೆಂದೇ ಕರೆದರು. 1887ರ ಕಥಾಸಂಗ್ರಹದಲ್ಲಿ ಆತ ಫ್ರೆಂಚ್ ಅನುವಾದದೊಡನೆ ಆ ಸೀಮೆಯ ನುಡಿಯ ಮೂಲಪಾಠವನ್ನೂ ಅಚ್ಚು ಹಾಕಿಸಿದ. ಹಾಡುಗಳ ಮೊದಲ ಸಂಪುಟ ಹೊರಬಂದದ್ದು 1912ರಲ್ಲಿ. ಗಾಜಿನ ಫಲಕಗಳ ಮೇಲೆ ಅವನು ಹಿಡಿದಿಟ್ಟ ಸಾವಿರಾರು ಚಿತ್ರಗಳಲ್ಲಿ ಕೆಲವು, ಹಳೆಯ ಬಾಳು ಕಣ್ಣಿಗೆ ಕಟ್ಟಲೆಂದು ತಾನೇ ಜನರನ್ನು ನಿಲ್ಲಿಸಿ ಏರ್ಪಡಿಸಿಕೊಂಡವು. ಇದನ್ನು ದೋಷವೆನ್ನುವವರು ಎನ್ನಲಿ. 1921ರಲ್ಲಿ ಆತ ತೀರಿಕೊಂಡಾಗ ಸಂಗ್ರಹದ ಬಹುಭಾಗ ಅಚ್ಚು ಕಂಡಿರಲಿಲ್ಲ.

ಇದೇ ಕಾಲದಲ್ಲಿ ಲೋಕದ ಕೀರ್ತಿಯೆಲ್ಲ ಪ್ರೊವಾನ್ಸಿನ ಮಿಸ್ತ್ರಾಲ್ ಕವಿಗೆ ಸಂದಿತು. ಅದು ಅನ್ಯಾಯವೇನೂ ಅಲ್ಲ. ಎರಡು ಸಂಪುಟಗಳ ಆತನ ನಿಘಂಟು ಗಾದೆ ನುಡಿಗಟ್ಟುಗಳ ಕಣಜವಾಗಿದೆ, 1904ರ ನೊಬೆಲ್ ಬಹುಮಾನದ ಹಣವನ್ನು ಆತ ಆರ್ಲ್ ನಗರದ ಜನಜೀವನದ ವಸ್ತುಸಂಗ್ರಹಾಲಯಕ್ಕೆ ವಿನಿಯೋಗಿಸಿದ.

ಧ್ವನಿಯನ್ನೇ ಹಿಡಿಯುವ ಯಂತ್ರ ಬಂದ ಮೇಲೆ ಶೋಧನೆಯ ರೀತಿ ಬದಲಾಯಿತು. 1911ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ನುಡಿಯ ಭಂಡಾರವೊಂದನ್ನು ಸ್ಥಾಪಿಸಿದ ಭಾಷಾಶಾಸ್ತ್ರಜ್ಞ ಬ್ರುನೋ 1913ರಲ್ಲಿ ಲಿಮೂಸಾಂ ಸೀಮೆಗೆ ಹೋಗಿ, ಹಳ್ಳಿಗರ ಮಾತನ್ನೂ ಹಾಡನ್ನೂ ಧ್ವನಿಮುದ್ರಿಸಿ ತಂದ. ತುಲೂಸಿನ ಜಾನ್ ಸೆಗಿ 1954ರಿಂದ 1973ರವರೆಗೆ ಆರು ಸಂಪುಟಗಳಲ್ಲಿ ಗ್ಯಾಸ್ಕನಿಯ ಭಾಷಾನಕಾಶೆಯನ್ನು ಹೊರತಂದ. ಓದ್ ಜಿಲ್ಲೆಯ ಪಿರೆನೀಸ್ ಗುಡ್ಡಗಾಡಿನಲ್ಲಿ ದಾನಿಯೆಲ್ ಫಾಬ್ರ್ ಮತ್ತು ಜಾಕ್ ಲಕ್ರುವಾ ನಡೆಸಿದ ಸಂಶೋಧನೆ 1970ರ ದಶಕದ ಮೊದಲ ಭಾಗದಲ್ಲಿ ಪ್ರಕಟವಾಯಿತು. ಕಥೆಯೊಂದರ ಪಾಠವಷ್ಟೇ ಸಾಲದು, ಅದನ್ನು ಯಾರು, ಯಾರೆದುರಿಗೆ, ಯಾವ ಹೊತ್ತಿನಲ್ಲಿ ಹೇಳಿದರೆಂಬುದೂ ಬೇಕೆಂಬ ದೃಷ್ಟಿ ಅವರದು. ಬ್ಲಾದೆಯ ಸಂಪುಟಗಳು ನಮ್ಮಲ್ಲಿ ಹುಟ್ಟಿಸುವ ಸಂಶಯಕ್ಕೆ ಮದ್ದು ಇದೇ.

ಆರಾನ್ ಕಣಿವೆಯಲ್ಲಿ ಇಂದು ಈ ಭಾಷೆಗೆ ಅಧಿಕೃತ ಸ್ಥಾನವುಂಟು, ಶಾಲೆಯಲ್ಲಿ ಪಾಠವುಂಟು. ಫ್ರಾನ್ಸಿನಲ್ಲಿ ಅಂಥ ಸ್ಥಾನವಿಲ್ಲ; ಆದರೂ 1979ರಿಂದೀಚೆಗೆ ಪೋಷಕರೂ ಶಿಕ್ಷಕರೂ ಕೂಡಿ ತೆರೆದ ಕಲಾಂದ್ರೇತಾ ಶಾಲೆಗಳಲ್ಲಿ ಮಕ್ಕಳು ಕಲಿಯುತ್ತಿದ್ದಾರೆ. ಅರ್ನೋದಾಂನ ಚಿತ್ರಗಳನ್ನು ಬೋರ್ದೋ ನಗರದ ಅಕ್ವಿತೇನ್ ವಸ್ತುಸಂಗ್ರಹಾಲಯವು ಕಾಪಾಡಿಕೊಂಡು ಬಂದಿದೆ. ಆಕ್ಸಿಟನ್ ಗ್ರಂಥಗಳಿಗೂ ಧ್ವನಿಮುದ್ರಿಕೆಗಳಿಗೂ ಬೆಜಿಯೇ ಪಟ್ಟಣದಲ್ಲಿ ಪ್ರತ್ಯೇಕವಾದೊಂದು ಸಾರ್ವಜನಿಕ ಭಂಡಾರವಿದೆ. ಅದರ ಸಂಗ್ರಹದ ಎಷ್ಟೋ ಭಾಗವನ್ನು ಅಂತರಜಾಲದ ಮೂಲಕ ಯಾವ ದೇಶದವರಾದರೂ ನೋಡಬಹುದು, ಕೇಳಬಹುದು.