ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನ

ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವು ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿರುವ ಸಂರಕ್ಷಿತ ಅರಣ್ಯ. ಇದು ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಭಾಗವಾಗಿದೆ. ಪಶ್ಚಿಮ ಘಟ್ಟಗಳಲ್ಲಿ ಮಾನವನ ಹಸ್ತಕ್ಷೇಪಕ್ಕೆ ಹೆಚ್ಚು ಒಳಗಾಗದೆ ಉಳಿದಿರುವ ನಿತ್ಯಹರಿದ್ವರ್ಣ ಮಳೆಕಾಡುಗಳಲ್ಲಿ ಇದೂ ಒಂದು. ಉದ್ಯಾನದ ಮೂಲ ವಿಸ್ತೀರ್ಣ 89.52 ಚದರ ಕಿ.ಮೀ. 2007ರಲ್ಲಿ ಸುಮಾರು 148 ಚದರ ಕಿ.ಮೀ. ಅರಣ್ಯವನ್ನು ಹೊರವಲಯವಾಗಿ ಸೇರಿಸಲಾಯಿತು.

ಹೆಸರು

ಸ್ಥಳೀಯರು ಈ ಕಣಿವೆಯನ್ನು ಸೈರಂಧ್ರಿ ವನವೆಂದೂ ಇಲ್ಲಿ ಹರಿಯುವ ನದಿಯನ್ನು ಕುಂತಿಪ್ಪುಳ, ಅಂದರೆ ಕುಂತಿಯ ಹೊಳೆ ಎಂದೂ ಕರೆಯುತ್ತಾರೆ. ಎರಡೂ ಹೆಸರುಗಳು ಮಹಾಭಾರತದ ಕಥೆಯನ್ನು ನೆನಪಿಸುತ್ತವೆ. ಜೀರುಂಡೆಗಳ ಸದ್ದು ಕೇಳಿಸದ ಕಾರಣ ಆಂಗ್ಲರು ಇದನ್ನು ‘ನಿಶ್ಶಬ್ದ ಕಣಿವೆ’ ಎಂಬ ಅರ್ಥದಲ್ಲಿ ಸೈಲೆಂಟ್ ವ್ಯಾಲಿ ಎಂದರೆಂಬುದು ಒಂದು ಅಭಿಪ್ರಾಯ; ಸೈರಂಧ್ರಿ ಎಂಬುದರ ರೂಪಾಂತರವೆಂಬುದು ಇನ್ನೊಂದು.

ಉಳಿದು ಬಂದ ಬಗೆ

ಸೈರಂಧ್ರಿಯಲ್ಲಿ ಕುಂತಿಪ್ಪುಳಕ್ಕೆ ಅಣೆಕಟ್ಟು ಕಟ್ಟಿ ಜಲವಿದ್ಯುತ್ ಉತ್ಪಾದಿಸುವ ಯೋಜನೆಗೆ 1973ರಲ್ಲಿ ಒಪ್ಪಿಗೆ ದೊರೆಯಿತು. ಕಾಡು ಮುಳುಗುವುದನ್ನು ವಿರೋಧಿಸಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ಕವಯಿತ್ರಿ ಸುಗತಕುಮಾರಿ, ಪಕ್ಷಿತಜ್ಞ ಸಲೀಂ ಅಲಿ ಮೊದಲಾದವರು ದನಿಯೆತ್ತಿದರು. ಎಂ. ಜಿ. ಕೆ. ಮೆನನ್ ಅವರ ಅಧ್ಯಕ್ಷತೆಯ ಸಮಿತಿಯು ವಿಷಯವನ್ನು ಪರಿಶೀಲಿಸಿತು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾದ ಈ ಅರಣ್ಯವನ್ನು 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಉದ್ಘಾಟಿಸಿದರು. 2012ರಲ್ಲಿ ಪಶ್ಚಿಮ ಘಟ್ಟಗಳ ಭಾಗವಾಗಿ ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಜೀವಸಂಕುಲ

ಈ ಹೋರಾಟದ ಸಂಕೇತವಾದ ಪ್ರಾಣಿ ಸಿಂಗಳೀಕ. ಸಿಂಹದಂತಹ ಬಾಲವುಳ್ಳ ಈ ಕಪ್ಪು ಕೋತಿ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಸಹಜವಾಗಿ ವಾಸಿಸುವುದಿಲ್ಲ; ಕರ್ನಾಟಕದ ಶರಾವತಿ ಮತ್ತು ಅಘನಾಶಿನಿ ಕಣಿವೆಗಳಲ್ಲಿಯೂ ಇದೆ. ಇದು ಹೆಚ್ಚಿನ ಕಾಲವನ್ನು ಮರಗಳ ಮೇಲೆಯೇ ಕಳೆಯುತ್ತದೆ. ಇಲ್ಲಿ ಕುಲ್ಲೇನಿಯಾ ಎಂಬ ಎತ್ತರದ ಮರದ ಹೂ ಹಾಗೂ ಕಾಯಿಗಳು ಇದರ ಮುಖ್ಯ ಆಹಾರಗಳಲ್ಲಿ ಸೇರಿವೆ. ಆದುದರಿಂದ ಮರಗಳ ಸಾಲು ಎಲ್ಲಿ ತುಂಡಾಗುವುದೋ ಅಲ್ಲಿ ಸಿಂಗಳೀಕಗಳ ಗುಂಪುಗಳೂ ಪರಸ್ಪರ ಬೇರ್ಪಡುತ್ತವೆ. ನೀಲಗಿರಿ ಲಂಗೂರ್, ಕೆಂಜಳಿಲು, ಆನೆ, ಮಂಗಟ್ಟೆ ಹಕ್ಕಿ ಮತ್ತು ಅನೇಕ ಜಾತಿಯ ಕಪ್ಪೆಗಳು ಇಲ್ಲಿವೆ.

ಸಂದರ್ಶನ

ಮಣ್ಣಾರ್ಕಾಡ್ ಪಟ್ಟಣದಿಂದ ಅಟ್ಟಪ್ಪಾಡಿಯ ದಾರಿಯಲ್ಲಿರುವ ಮುಕ್ಕಾಲಿ ಉದ್ಯಾನದ ಪ್ರವೇಶಸ್ಥಳ. ಅಲ್ಲಿಂದ ಅನುಮತಿ ಪಡೆದ ವಾಹನದಲ್ಲಿ, ಮಾರ್ಗದರ್ಶಕರೊಡನೆ, ಸುಮಾರು 23 ಕಿ.ಮೀ. ದೂರದ ಸೈರಂಧ್ರಿಗೆ ಹೋಗಬೇಕು. ಅಲ್ಲಿನ ಸುಮಾರು 30 ಮೀಟರ್ ಎತ್ತರದ ವೀಕ್ಷಣಾ ಗೋಪುರದಿಂದ ಕಣಿವೆಯ ಹಸಿರು ಮೇಲ್ಛಾವಣಿ ಕಾಣುತ್ತದೆ. ಮಳೆಗಾಲ ಮುಗಿದ ನಂತರದ ತಿಂಗಳುಗಳು ಭೇಟಿಗೆ ಅನುಕೂಲಕರ. ಮಳೆಗಾಲದಲ್ಲಿ ಇಂಬಳಗಳ ಕಾಟ ಹೆಚ್ಚು.

ಬಯಲು ಸೀಮೆಯ ಅಭಯಾರಣ್ಯಗಳಂತೆ ಇಲ್ಲಿ ಪ್ರಾಣಿಗಳು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮಳೆಕಾಡಿನ ಬಹುಪಾಲು ಜೀವನ ತಲೆಯ ಮೇಲಿನ ಎಲೆಗಳ ನಡುವೆ ನಡೆಯುತ್ತದೆ. ಕೊಂಬೆಯ ಅಲುಗಾಟ, ಉದುರಿದ ಕಾಯಿಯ ಸಿಪ್ಪೆ, ಮಂಗಟ್ಟೆಯ ರೆಕ್ಕೆಯ ಸದ್ದು ಇವನ್ನು ಗಮನಿಸುವ ತಾಳ್ಮೆ ಬೇಕು. ಪ್ರವಾಸಿಗರಿಗೆ ಉದ್ಯಾನದ ಅಲ್ಪಭಾಗ ಮಾತ್ರ ತೆರೆದಿದೆ. ಈ ಮಿತಿಯು ಸಂದರ್ಶಕರಿಗೆ ಕೊರತೆಯಾಗಿ ತೋರಬಹುದಾದರೂ, ಉಳಿದ ಕಾಡು ಅಡಚಣೆಯಿಲ್ಲದೆ ಬಾಳಲು ಅದು ನೆರವಾಗಿದೆ.