ಡೌನ್‌ಲೋಡ್ ಆದ ಗಂಟಿನಲ್ಲಿ ಏನಿದೆ?

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಂದವರು ಬ್ಯಾಡಗಿಗೆ ಹೊರಳುವುದು ಮೋಟೆಬೆನ್ನೂರಿನಲ್ಲಿ. ಅಲ್ಲಿ ಅಣ್ಣನ ಮನೆ. ಅವನ ಮಗಳ ಓದಿಗೆಂದು ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ಕೊಟ್ಟಿದ್ದೆ. ಮೊನ್ನೆ ಹೋದಾಗ ಪಡಸಾಲೆಯಲ್ಲಿ ಅದನ್ನೇ ಮುಂದಿಟ್ಟುಕೊಂಡು ಕೂತಿದ್ದಳು. ಕ್ರೋಮ್ ಬ್ರೌಸರ್ ಬೇಕೆಂದು ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೂರು ಎಂಬಿ ದಾಟಿದ ಕಡತ ಇಳಿಸಿಕೊಂಡಿದ್ದಳು.

“ಕಾಕಾ, ಡೌನ್‌ಲೋಡ್ ಆಗೇತಿ. ಒತ್ತಿದ್ರ ಒಳಗ ಮೂರು ಫೈಲ್ ತೋರಸ್ತೈತಿ, ಇನ್‌ಸ್ಟಾಲ್ ಮಾತ್ರ ಆಗವಲ್ದು.”

ಕಡತ ತಪ್ಪಾದ ತಂತ್ರಾಂಶದಲ್ಲಿ ತೆರೆದುಕೊಂಡಿತ್ತು. ಆದರೆ ಆ ಮೂರು ಫೈಲುಗಳು ಕಂಡದ್ದು ಒಳ್ಳೆಯದೇ ಆಯಿತು. ಡೆಬ್ ಎಂದು ಕೊನೆಯಾಗುವ ಪ್ಯಾಕೇಜು ನಿಜಕ್ಕೂ ಒಂದು ಗಂಟು. ಅದನ್ನು ಕಟ್ಟುವ ವಿಧಾನ 1971ರ ಯುನಿಕ್ಸ್‌ನಷ್ಟು ಹಳೆಯದು. ಒಳಗಿನ ಮೊದಲ ಫೈಲಿನಲ್ಲಿರುವುದು 2.0 ಎಂಬ ಒಂದೇ ಸಾಲು, ಗಂಟಿನ ನಮೂನೆಯ ಸಂಖ್ಯೆ. ಇನ್ನೊಂದರಲ್ಲಿ ಬ್ರೌಸರಿನ ನಿಜವಾದ ಸರಕು, ಯಾವ ಕಡತ ಯಾವ ಕೋಶಕ್ಕೆ ಹೋಗಬೇಕೆಂಬ ವಿಳಾಸದ ಸಮೇತ. ಉಳಿದದ್ದು ನಿಯಂತ್ರಣದ ಫೈಲು. ಹೆಸರು, ಆವೃತ್ತಿ, ಯಾವ ಬಗೆಯ ಪ್ರೊಸೆಸರಿಗೆ ತಯಾರಾದದ್ದು, ತನ್ನ ಜೊತೆಗೆ ಇನ್ನೇನೇನು ಇರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಪ್ರೊಸೆಸರಿನ ಮಾತು ಹಳೆಯ ಯಂತ್ರದವರಿಗೆ ಮುಖ್ಯ: 32 ಬಿಟ್ ಲಿನಕ್ಸ್‌ಗೆ ಕ್ರೋಮ್ 2016ರಲ್ಲೇ ನಿಂತುಹೋಗಿದೆ.

ಜೊತೆಗೆ ಇನ್ನೇನು ಬೇಕು ಎಂಬುದೇ ಹೊಸಬರನ್ನು ಕಾಡುವುದು. ಬ್ರೌಸರು ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಅಕ್ಷರ ಮೂಡಿಸಲು, ಧ್ವನಿ ಕೇಳಿಸಲು, ಮುದ್ರಿಸಲು ಯಂತ್ರದಲ್ಲಿರುವ ಬೇರೆ ಲೈಬ್ರರಿಗಳ ನೆರವು ಪಡೆಯುತ್ತದೆ. ಡಿಪಿಕೆಜಿ ಎಂಬ ಹಳೆಯ ಸಾಧನ ಗಂಟು ಬಿಚ್ಚಿ ಹಾಕುತ್ತದೆಯೇ ಹೊರತು, ಇಲ್ಲದ್ದನ್ನು ತಂದುಕೊಡುವುದಿಲ್ಲ. ‘ಇಂಥದ್ದು ಬೇಕಿತ್ತು’ ಎಂದು ಹೇಳಿ ಕೆಲಸವನ್ನು ಅರ್ಧಕ್ಕೆ ಬಿಡುತ್ತದೆ. ಆಪ್ಟ್ ಎಂಬ ಸಾಧನ ಹಾಗಲ್ಲ, ಕೊರತೆಯಾದದ್ದನ್ನು ಡೆಬಿಯನ್‌ನ ಪ್ಯಾಕೇಜುಗಳ ಭಂಡಾರದಿಂದ ತಾನೇ ತರಿಸಿಕೊಳ್ಳುತ್ತದೆ. ಹಾಗಾಗಿ ಟರ್ಮಿನಲ್‌ನಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು ಕಡತದ ಹೆಸರು ಕೊಡುವುದು ಸರಿಯಾದ ದಾರಿ. ಹೆಸರಿಗೆ ಮೊದಲು ಒಂದು ಚುಕ್ಕೆ, ಒಂದು ಓರೆಗೆರೆ ಇರಬೇಕು. ಇಲ್ಲದಿದ್ದರೆ ಆಪ್ಟ್ ಆ ಹೆಸರನ್ನು ಭಂಡಾರದಲ್ಲಿ ಹುಡುಕಿ, ಸಿಗಲಿಲ್ಲ ಅನ್ನುತ್ತದೆ.

ಅವಳು ಬರೆಯಲು ಕೈ ಹಾಕಿದಳು. ತಡೆದು ಕೇಳಿದೆ, “ಎಲ್ಲಿಂದ ಇಳಿಸಿದಿ?” ಹುಡುಕಿದಾಗ ಮೊದಲು ಕಂಡ ಕೊಂಡಿಯಂತೆ. ನೋಡಿದರೆ ಅದು ಗೂಗಲ್‌ನ ತಾಣವಲ್ಲ, ಯಾರದೋ ‘ಉಚಿತ ಡೌನ್‌ಲೋಡ್’ ತಾಣ.

ಸುಡೋ ಎಂದು ಬರೆದು ಪಾಸ್‌ವರ್ಡ್ ಕೊಟ್ಟರೆ ಇಡೀ ಯಂತ್ರದ ಯಜಮಾನಿಕೆ ಆ ಕೆಲಸಕ್ಕೆ ಸಿಗುತ್ತದೆ. ನಿಯಂತ್ರಣದ ಫೈಲಿನಲ್ಲಿ ಪಟ್ಟಿಗಳ ಜೊತೆ ಪುಟ್ಟ ಸ್ಕ್ರಿಪ್ಟ್‌ಗಳೂ ಇರುತ್ತವೆ. ಅವು ಓಡುವುದು ಅದೇ ಯಜಮಾನಿಕೆಯಲ್ಲಿ. ಗಂಟು ಕಟ್ಟಿದವರು ಅಲ್ಲಿ ಏನು ಬರೆದಿದ್ದಾರೋ ಅದೆಲ್ಲ ನಡೆದುಹೋಗುತ್ತದೆ. ಲಿನಕ್ಸ್‌ಗೆ ವೈರಸ್ ಬರುವುದಿಲ್ಲ ಎಂಬ ಮಾತನ್ನು ನೆಚ್ಚಿಕೊಂಡವರು ಇದನ್ನು ಮರೆಯುತ್ತಾರೆ.

ಚೀಲದ ಮೇಲೆ ಬ್ಯಾಡಗಿ ಎಂದು ಬರೆದ ಮಾತ್ರಕ್ಕೆ ಒಳಗಿನ ಮೆಣಸಿನಕಾಯಿ ಬ್ಯಾಡಗಿಯದಾಗುವುದಿಲ್ಲ. ಪೇಟೆಯಲ್ಲಿ ಕೈ ಹಾಕಿ, ಬಣ್ಣ ನೋಡಿ, ಮುರಿದು ನೋಡುತ್ತಾರೆ. ಕಡತಕ್ಕೂ ಅಂಥ ಪರೀಕ್ಷೆ ಉಂಟು, ಎಸ್‌ಎಚ್‌ಎ 256 ಎಂಬ ಲೆಕ್ಕ. ಎಷ್ಟು ದೊಡ್ಡ ಕಡತ ಕೊಟ್ಟರೂ 64 ಅಕ್ಷರ–ಅಂಕಿಗಳ ಒಂದು ಗುರುತು ಹೊರಬರುತ್ತದೆ. ಒಂದು ಲಾರಿ ಮೆಣಸಿನಕಾಯಿಯಲ್ಲಿ ಒಂದೇ ಕಾಯಿ ಬದಲಾದರೂ ತೂಕದ ಚೀಟಿ ಪೂರ್ತಿ ಬೇರೆಯಾಗಿಬಿಡುವ ತಕ್ಕಡಿಯಿದ್ದರೆ ಹೇಗೋ, ಹಾಗೆ. ಮೊಜಿಲ್ಲಾ ಸಂಸ್ಥೆ ಫೈರ್‌ಫಾಕ್ಸ್‌ನ ಪ್ರತಿ ಬಿಡುಗಡೆಯ ಜೊತೆ ಈ ಗುರುತುಗಳನ್ನು ಪ್ರಕಟಿಸುತ್ತದೆ. ಇಳಿಸಿಕೊಂಡವರು ತಮ್ಮಲ್ಲೂ ಲೆಕ್ಕ ಹಾಕಿ ತಾಳೆ ನೋಡಬಹುದು.

ಆದರೆ ತಾಣಕ್ಕೇ ಕನ್ನ ಬಿದ್ದರೆ? 2016ರ ಫೆಬ್ರುವರಿ 20ರಂದು ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಲಿನಕ್ಸ್ ಬಗೆಯ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ತಿರುಗಿಸಿ, ಕಳ್ಳಬಾಗಿಲು ಇಟ್ಟ ಪ್ರತಿ ಹಂಚಿದರು. ಅಂಥವರಿಗೆ ಪುಟದ ಮೇಲಿನ ಗುರುತನ್ನು ತಿದ್ದುವುದೇನು ಕಷ್ಟ? ಅದಕ್ಕೇ ಡಿಜಿಟಲ್ ಸಹಿ. ಸಹಿ ಹಾಕುವ ಗುಪ್ತ ಕೀಲಿ ತಯಾರಕರ ಬಳಿ ಬೇರೆಯೇ ಇರುತ್ತದೆ. ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ನಮ್ಮ ಯಂತ್ರದಲ್ಲಿ.

ಡೆಬಿಯನ್ ಭಂಡಾರ ನಡೆಯುವುದೇ ಈ ಸಹಿಯ ಮೇಲೆ. ಭಂಡಾರದ ತಲೆಪಟ್ಟಿಗೆ ಸಹಿ ಇರುತ್ತದೆ, ತಲೆಪಟ್ಟಿಯಲ್ಲಿ ಉಳಿದ ಪಟ್ಟಿಗಳ ಗುರುತು, ಆ ಪಟ್ಟಿಗಳಲ್ಲಿ ಪ್ರತಿ ಪ್ಯಾಕೇಜಿನ ಗುರುತು. ಡೆಬಿಯನ್ 12ರ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳು ಹೀಗೆ ಒಂದೇ ಸಹಿಯಡಿ ಬರುತ್ತವೆ. ಕೈಯಾರೆ ಇಳಿಸಿದ ಡೆಬ್ ಮಾತ್ರ ಈ ಸರಪಳಿಯ ಹೊರಗೆ. ಅದರ ಸಹಿಯನ್ನು ಆಪ್ಟ್ ಕೇಳುವುದೇ ಇಲ್ಲ, ನೇರ ಬಿಚ್ಚುತ್ತದೆ. ಅಸಲಿ ಕ್ರೋಮ್ ಪ್ಯಾಕೇಜು ಗೂಗಲ್‌ನ ಭಂಡಾರವನ್ನೂ ಕೀಲಿಯನ್ನೂ ಯಂತ್ರದಲ್ಲಿ ಸೇರಿಸಿಕೊಳ್ಳುತ್ತದೆ. ಆಮೇಲಿನ ಪ್ರತಿ ಅಪ್‌ಡೇಟ್ ಸಹಿಯ ಪರೀಕ್ಷೆ ದಾಟಿಯೇ ಬರುತ್ತದೆ. ಮೊದಲನೆಯದೇ ನಕಲಿಯಾದರೆ, ಬಂದು ಕೂರುವ ಕೀಲಿಯೂ ನಕಲಿಯವರದೇ.

ಆ ಕಡತ ಅಳಿಸಿ, ಗೂಗಲ್‌ನ ಸ್ವಂತ ವಿಳಾಸವನ್ನು ಅಕ್ಷರ ಅಕ್ಷರ ಓದಿ ಮತ್ತೆ ಇಳಿಸಿದೆವು. ಅವಳ ಅಂದಿನ ಡೇಟಾದಲ್ಲಿ ಇನ್ನೊಂದು ನೂರು ಎಂಬಿ ಹೋಯಿತು. ಹೋಗಲಿ.

ಅದನ್ನು ಇನ್‌ಸ್ಟಾಲ್ ಮಾಡಿ, ಬ್ರೌಸರ್ ತೆರೆದು, ಪೇಟೆ ಧಾರಣೆ ತೋರಿಸುವ ಕೃಷಿ ಮಾರಾಟ ವಾಹಿನಿಯ ಪುಟ ಹಾಕಿದರೆ ಕನ್ನಡದ ಜಾಗದಲ್ಲೆಲ್ಲ ಚೌಕಗಳು. ನಾನು ಕನ್ನಡ ಫಾಂಟ್ ಹಾಕಿರಲಿಲ್ಲ. ಡೆಬಿಯನ್ ಭಂಡಾರದಲ್ಲಿ ಕನ್ನಡ ಫಾಂಟುಗಳ ಪ್ಯಾಕೇಜು ಇದೆ. ಅದನ್ನು ಕೇಳಿದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಒಟ್ಟಿಗೆ ಬರುತ್ತವೆ. ಈ ಸಲ ವಿಳಾಸ ನೋಡುವ, ಗುರುತು ತಾಳೆ ಹಾಕುವ ಕೆಲಸ ನಮಗಿರಲಿಲ್ಲ. ಅರ್ಧ ನಿಮಿಷದಲ್ಲಿ ಚೌಕಗಳು ಹೋಗಿ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂತವು.

ಅಣ್ಣ ಕನ್ನಡಕ ಹಾಕಿಕೊಂಡು ಹತ್ತಿರ ಬಂದ. “ಇವತ್ತಿನ ಡಬ್ಬಿ ಮೆಣಸಿನಕಾಯಿ ರೇಟ್ ಎಷ್ಟೈತಿ ನೋಡವಾ.”