‘ವಿಷಯ’ದ ಸಾಲು ಹುಟ್ಟಿದ ಬಗೆ

ಶೃಂಗೇರಿಯಲ್ಲಾಗಲಿ ನರಸಿಂಹರಾಜಪುರದಲ್ಲಾಗಲಿ ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವವರು ‘ಇಂದ’, ‘ಗೆ’ ಆದ ಮೇಲೆ ‘ವಿಷಯ’ ಎಂದೊಂದು ಸಾಲು ಬರೆಯುತ್ತಾರೆ. ಅರ್ಜಿ ಯಾವ ಮೇಜಿಗೆ ಹೋಗಬೇಕೆಂದು ಗುಮಾಸ್ತರಿಗೆ ತಿಳಿಯುವುದು ಅದರಿಂದಲೇ. ಇ-ಮೇಲ್‌ನಲ್ಲಿ ಈ ಕಟ್ಟಳೆ ಮೊದಲಿನಿಂದಲೂ ಇರಲಿಲ್ಲ.

1971ರಲ್ಲಿ ರೇ ಟಾಮ್ಲಿನ್ಸನ್ ಅರ್ಪಾನೆಟ್ ಜಾಲದ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದರು. ಬಂದ ಸಂದೇಶಗಳೆಲ್ಲ ಒಂದೇ ಕಡತದಲ್ಲಿ ಸಾಲಾಗಿ ಸೇರಿಕೊಳ್ಳುತ್ತಿದ್ದವು. ಪಟ್ಟಿ ತೋರಿಸಿ, ಬೇಕಾದ್ದನ್ನು ಮಾತ್ರ ತೆರೆಯುವ ಪ್ರೋಗ್ರಾಂ ಬರೆದವರು ಲಾರಿ ರಾಬರ್ಟ್ಸ್, 1972ರಲ್ಲಿ. ಆದರೆ ಸಂದೇಶದ ತಲೆಬರಹ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಪಟ್ಟಿ ಮಾಡುವುದು ಹೇಗೆ? 1973ರ ಸೆಪ್ಟೆಂಬರಿನಲ್ಲಿ ಟಾಮ್ಲಿನ್ಸನ್ ಸೇರಿ ನಾಲ್ವರು ಒಂದು ಮಾದರಿ ಮುಂದಿಟ್ಟರು: ಯಾರಿಂದ, ಯಾವಾಗ, ವಿಷಯವೇನು. ಆ ದಾಖಲೆಯಲ್ಲಿ ಮೊದಲ ಹೆಸರು ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್ ಅವರದು.

ಈ ಸಾಲು ಹುಟ್ಟಿದ್ದು ಓದುವವನ ಅನುಕೂಲಕ್ಕೆ. ಮಾರುವವರಿಗೆ ಅದು ಅರ್ಥವಾಗಲು ಕಾಲ ಹಿಡಿಯಿತು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್, ಹೊಸ ಕಂಪ್ಯೂಟರ್ ನೋಡಲು ಬನ್ನಿ ಎಂದು ಸುಮಾರು 400 ಜನರಿಗೆ ಒಂದೇ ಜಾಹೀರಾತು ಕಳಿಸಿದರು. ವಿಳಾಸ ತುಂಬುವಾಗ ಎಡವಟ್ಟಾಗಿ, ವಿಷಯದ ಜಾಗದಲ್ಲಿ ಒಂದು ಇ-ಮೇಲ್ ವಿಳಾಸ ಕೂತಿತ್ತು. ಜಾಗ ಸಾಲದ ವಿಳಾಸಗಳು ಪತ್ರದ ಒಳಗೂ ಇಳಿದಿದ್ದವು. ಜಾಲ ನೋಡಿಕೊಳ್ಳುವವರು ಸಿಟ್ಟಾದರು.

ಆಮೇಲೆ ಸುಳ್ಳು ವಿಷಯ ಬರೆದು ಗಿರಾಕಿಯನ್ನು ಸೆಳೆಯುವ ಚಾಳಿ ಬೆಳೆಯಿತು. ಅಮೆರಿಕ 2003ರಲ್ಲಿ ಅದರ ವಿರುದ್ಧ ಕಾನೂನನ್ನೇ ತಂದಿತು. ಒಳ್ಳೆಯ ಸಾಲು ಯಾವುದೆಂದು ಪರೀಕ್ಷಿಸುವ ದಾರಿಯೂ ಸಿಕ್ಕಿತು: ಪಟ್ಟಿಯಿಂದ ಸಣ್ಣ ಗುಂಪುಗಳನ್ನು ಆರಿಸಿ, ಒಂದೊಂದಕ್ಕೆ ಒಂದೊಂದು ಸಾಲು ಕಳಿಸಿ, ಗೆದ್ದದ್ದನ್ನು ಉಳಿದವರಿಗೆಲ್ಲ ಕಳಿಸುವುದು. 2012ರ ಒಬಾಮ ಚುನಾವಣಾ ಪ್ರಚಾರದಲ್ಲಿ ಹೀಗೆ ಗೆದ್ದ ಒಂದು ಸಾಲಿಗೆ 26 ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ ಬಂತು.

ಕೊಪ್ಪದ ಕಡೆಯಿಂದ ಕಾಳುಮೆಣಸು, ಜೇನುತುಪ್ಪ, ಕಾಫಿಪುಡಿ ಆನ್‌ಲೈನಿನಲ್ಲಿ ಮಾರುವವರಿಗೂ ಇದೇ ಪಾಠ. ‘ಭರ್ಜರಿ ಆಫರ್’ ಎಂದರೆ ಯಾವುದಕ್ಕೆಂದು ಯಾರಿಗೂ ತಿಳಿಯದು. ‘ಕಾಳುಮೆಣಸು, ಈ ವರ್ಷದ ಕೊಯ್ಲು, ಅರ್ಧ ಕೆಜಿ’ ಎಂದರೆ ಬೇಕಾದವರು ತೆರೆಯುತ್ತಾರೆ. ಮೊಬೈಲಿನಲ್ಲಿ ಉದ್ದ ಸಾಲಿನ ಕೊನೆ ಕಾಣುವುದಿಲ್ಲ, ಆದ್ದರಿಂದ ಸರಕಿನ ಹೆಸರು ಮೊದಲೇ ಬರಲಿ. ಕಳೆದ ಸಲ ಮೆಣಸು ಕೊಂಡವರಿಗೆ ಮೆಣಸಿನ ಸುದ್ದಿಯನ್ನೇ ಕಳಿಸಿ. ಒಳಗೆ ಇಲ್ಲದ್ದನ್ನು ಮೇಲೆ ಬರೆಯಬೇಡಿ.